ಸಿ.ಎಸ್. ಲೂಯಿಸ್ ಅವರ ಪತ್ರ, ಹಸ್ತಪ್ರತಿಗಳು ಇವತ್ತಿಗೂ ಹೇಗೆ ಉಳಿದಿವೆ?

ಅವರು ಕಾಪಾಡಿದ್ದಕ್ಕಿಂತ ಬೇರೆಯವರು ಎತ್ತಿಟ್ಟಿದ್ದೇ ಜಾಸ್ತಿ. ನಾರ್ನಿಯಾ ಕಥೆಗಳನ್ನೂ ಕ್ರೈಸ್ತ ನಂಬಿಕೆಯ ಬಗ್ಗೆ ಜನಪ್ರಿಯ ಪುಸ್ತಕಗಳನ್ನೂ ಬರೆದ ಲೂಯಿಸ್‌ಗೆ ತಮ್ಮದೇ ಕಾಗದಗಳ ಮೇಲೆ ಮೋಹ ಇರಲಿಲ್ಲ. ಬಂದ ಪತ್ರಕ್ಕೆ ಉತ್ತರ ಬರೆದರೆ ಮುಗೀತು, ಆ ಪತ್ರ ಸಾಮಾನ್ಯವಾಗಿ ಕಸದ ಬುಟ್ಟಿಗೆ.

ಆದರೆ ಗುರುತಿಲ್ಲದ ಓದುಗರಿಗೂ, ಮಕ್ಕಳಿಗೂ ಕೈಬರಹದಲ್ಲೇ ಉತ್ತರಿಸುತ್ತಿದ್ದರು. ಅಂಥ ಪತ್ರ ಸಿಕ್ಕವರು ಬಿಸಾಡ್ತಾರಾ? ಹೀಗೆ ಅವರ ಬರಹ ನೂರಾರು ಮನೆಗಳಲ್ಲಿ ಚದುರಿ ಉಳಿಯಿತು. ಅದನ್ನು ಒಟ್ಟುಗೂಡಿಸುವುದೇ ಆಮೇಲಿನ ಕೆಲಸ.

ಮನೆಯೊಳಗೆ ಈ ಕೆಲಸ ಮೊದಲೇ ನಡೆದಿತ್ತು. ಅಪ್ಪ 1929ರಲ್ಲಿ ತೀರಿಕೊಂಡ ಮೇಲೆ ಅಣ್ಣ ವಾರೆನ್ ಮನೆಯ ಹಳೆಯ ಪತ್ರ, ಡೈರಿಗಳನ್ನೆಲ್ಲ ಕೂತು ಟೈಪ್ ಮಾಡಿದರು, ಅದೂ ಎರಡೇ ಬೆರಳಲ್ಲಿ. ಒಟ್ಟು 11 ಸಂಪುಟ! ಲೂಯಿಸ್ ಬಾಲ್ಯದ ಬಗ್ಗೆ ಬರೆಯುವವರು ಇಂದಿಗೂ ಅದನ್ನೇ ತೆಗೆದು ನೋಡುತ್ತಾರೆ.

ಲೂಯಿಸ್ ತೀರಿಕೊಂಡಿದ್ದು 1963ರಲ್ಲಿ. ಎರಡು ವರ್ಷಕ್ಕೆ ಅಮೆರಿಕದ ವೀಟನ್ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕ್ಲೈಡ್ ಕಿಲ್ಬಿ ಸಂಗ್ರಹ ಶುರು ಮಾಡಿದರು. ಅದೇ ಈಗಿನ ವೇಡ್ ಸೆಂಟರ್. ವಾರೆನ್ ಟೈಪ್ ಮಾಡಿದ ಸಂಪುಟಗಳು, ಲೂಯಿಸ್ ಓದಿದ ಪುಸ್ತಕಗಳು, ಅವರ ಅಜ್ಜ ಮಾಡಿದ ಬಟ್ಟೆ ಬೀರು ಕೂಡ ಅಲ್ಲಿವೆ. ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಲೈಬ್ರರಿಯಲ್ಲಿ ಇನ್ನೊಂದು ದೊಡ್ಡ ಸಂಗ್ರಹವಿದೆ. ಎರಡೂ ಕಡೆಯವರು ಪ್ರತಿಗಳನ್ನು ಹಂಚಿಕೊಂಡಿದ್ದಾರೆ. ಚದುರಿದ್ದ ಪತ್ರಗಳನ್ನು, ಲೂಯಿಸ್ ಕೊನೆಗಾಲದಲ್ಲಿ ಸ್ವಲ್ಪ ದಿನ ಅವರ ಕಾರ್ಯದರ್ಶಿಯಾಗಿದ್ದ ವಾಲ್ಟರ್ ಹೂಪರ್ ಸಂಪಾದಿಸಿದರು. ಮೂರು ದಪ್ಪ ಸಂಪುಟಗಳಲ್ಲಿ ಅವು ಅಚ್ಚಾಗಿವೆ.