ವಿಮಾನದ ಊಟಕ್ಕೆ ಸಿಗುವುದು ಒಬ್ಬರಿಗೆ 20 ಸೆಕೆಂಡ್

ನೀವು ಕೇಳಿರುವುದು ಇಷ್ಟು. ದೇಶದೊಳಗಿನ ಒಂದೂಕಾಲು ಗಂಟೆಯ ಹಾರಾಟ, ಎಕಾನಮಿ ಕ್ಲಾಸ್, ಹಿಂದಿನ ಸಾಲಿನ ಸೀಟು. ಟಿಕೆಟ್ ಜೊತೆಗೇ ಊಟ ಇತ್ತು. ಬಂದಿದ್ದು ಅಂಚು ಒಣಗಿದ ಅನ್ನ, ನಡುವೆ ತಣ್ಣಗೇ ಇದ್ದ ಪಲ್ಯ. ಬೇರೆ ಏನಾದರೂ ಇದೆಯಾ ಅಂತ ಕೇಳಿದರೆ ಮುಗಿದುಹೋಗಿದೆ ಅಂದರು. ಕಡಿಮೆ ದುಡ್ಡಿನ ಸೀಟಿನವರು ಅಂತ ಬೇಕಂತಲೇ ಹೀಗೆ ಮಾಡುತ್ತಾರಾ, ಇಲ್ಲಾ ವಿಮಾನದಲ್ಲಿ ಇದಕ್ಕಿಂತ ಚೆನ್ನಾಗಿ ಕೊಡುವುದಕ್ಕೆ ಆಗುವುದೇ ಇಲ್ವಾ?

ನಾನು 6 ವರ್ಷ ಫ್ಲೈಟ್ ಕಿಚನ್‌ನಲ್ಲಿ ಕೆಲಸ ಮಾಡಿದ್ದೇನೆ. ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡ ಹಾಗೆ ಇರುತ್ತದಲ್ಲ, ಆ ದೊಡ್ಡ ಅಡುಗೆಮನೆ. ನನಗೆ ತಿಳಿದ ಮಟ್ಟಿಗೆ ಬೇಕಂತಲೇ ಯಾರೂ ಹೀಗೆ ಮಾಡುವುದಿಲ್ಲ. ಆದರೆ ಇದಕ್ಕಿಂತ ಚೆನ್ನಾಗಿ ಕೊಡುವುದಕ್ಕೆ ಖಂಡಿತ ಆಗುತ್ತದೆ. ಅಡುಗೆಯವರ ಕೈ ಕೆಟ್ಟದ್ದಲ್ಲ. ಇಷ್ಟು ಚಿಕ್ಕ ಹಾರಾಟಕ್ಕೆ ಯಾವ ಊಟ ಹೊಂದುತ್ತದೆ ಅಂತ ಯಾರೂ ಸರಿಯಾಗಿ ಯೋಚನೆ ಮಾಡಿರುವುದಿಲ್ಲ. ಎಡವಟ್ಟು ಆಗುವುದು ಅಲ್ಲಿ.

ಮೊದಲು ನಿಮ್ಮ ಅನ್ನದ ಕಥೆ ಹೇಳುತ್ತೇನೆ. ಬೆಳಗಿನ ಹಾರಾಟದ ಊಟ ಹಿಂದಿನ ರಾತ್ರಿಯೇ ಬೆಂದಿರುತ್ತದೆ. ಬೆಂದ ಕೂಡಲೇ ಅದು ಬ್ಲಾಸ್ಟ್ ಚಿಲ್ಲರ್‌ಗೆ ಹೋಗುತ್ತದೆ. ಜೋರಾಗಿ ತಣ್ಣನೆಯ ಗಾಳಿ ಬೀಸಿ 5 ಡಿಗ್ರಿಗಿಂತ ಕೆಳಕ್ಕೆ ಇಳಿಸುವ ಯಂತ್ರ ಅದು. 5ರಿಂದ 60 ಡಿಗ್ರಿ ನಡುವೆ ಆಹಾರ ತುಂಬಾ ಹೊತ್ತು ಇದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನೂರಾರು ಜನಕ್ಕೆ ಒಂದೇ ಪಾತ್ರೆಯ ಊಟ ಹೋಗುವಾಗ ಅದರಲ್ಲಿ ಯಾರೂ ಆಟ ಆಡುವುದಿಲ್ಲ, ಆಡಲೂಬಾರದು. ಪೈಲಟ್ ಮತ್ತು ಕೋ-ಪೈಲಟ್‌ಗೆ ಬೇರೆ ಬೇರೆ ಊಟ ಕೊಡುವ ಪದ್ಧತಿ ಎಷ್ಟೋ ಕಂಪನಿಗಳಲ್ಲಿ ಇರುವುದೂ ಇದೇ ಭಯಕ್ಕೆ. ಒಂದು ಊಟ ಕೆಟ್ಟರೂ ಇಬ್ಬರೂ ಒಟ್ಟಿಗೆ ಕಾಯಿಲೆ ಬೀಳಬಾರದು.

ರಾತ್ರಿ 2 ಗಂಟೆಗೆ ನಾವು ತಟ್ಟೆ ತುಂಬಿಸುತ್ತಿದ್ದೆವು. ಕೈಗೆ ಗ್ಲೌಸ್, ಮುಂದೆ ಪುಟ್ಟ ತಕ್ಕಡಿ. 120 ಗ್ರಾಂ ಅನ್ನ, 80 ಗ್ರಾಂ ಪಲ್ಯ, 60 ಗ್ರಾಂ ಗ್ರೇವಿ. ಮೇಲೆ ಫಾಯಿಲ್ ಮುಚ್ಚಿ, ಅಂಚು ಒತ್ತಿ, ಬಣ್ಣದ ಸ್ಟಿಕ್ಕರ್ ಅಂಟಿಸಬೇಕು. ಆ ಕೋಣೆಯೇ ಫ್ರಿಜ್ ಇದ್ದ ಹಾಗೆ ಇರುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಬೆರಳ ತುದಿ ಮರಗಟ್ಟುತ್ತಿತ್ತು. ಅಲ್ಲಿ ನಿಂತವರು ಯಾರೂ ಇದು ಎಕಾನಮಿ ತಟ್ಟೆ ತಾನೇ ಅಂತ ಸುಮ್ನೆ ತುಂಬಿಸಿ ಬಿಸಾಕಿದ್ದನ್ನು ನಾನು ನೋಡಿಲ್ಲ.

ಆದರೆ ಅನ್ನಕ್ಕೆ ಒಂದು ಗುಣ ಇದೆ. ತಣ್ಣಗಾದರೆ ಅದರಲ್ಲಿರುವ ಪಿಷ್ಟ ಗಟ್ಟಿಯಾಗುತ್ತದೆ. ಮತ್ತೆ ಮೆತ್ತಗಾಗಬೇಕಾದರೆ ಬಿಸಿಯ ಜೊತೆ ಹಬೆಯೂ ಬೇಕು, ಸ್ವಲ್ಪ ಹೊತ್ತೂ ಬೇಕು. ವಿಮಾನದ ಓವನ್ ಹೆಚ್ಚಿನ ಕಡೆ ಬಿಸಿ ಗಾಳಿ ಬೀಸುವಂಥದ್ದು. ಒಂದರ ಮೇಲೊಂದು ಒತ್ತಾಗಿ ಜೋಡಿಸಿದ ತಟ್ಟೆಗಳು ನಡುವಿನ ತನಕ ಬಿಸಿಯಾಗಬೇಕಾದರೆ ಸುಮಾರು 20 ನಿಮಿಷ ಬೇಕು. ಓವನ್ ಹಾಕುವುದು ಸಾಮಾನ್ಯವಾಗಿ ವಿಮಾನ ಮೇಲೇರಿದ ಮೇಲೆ. ಈಗ ಲೆಕ್ಕ ಹಾಕಿ. ಆಕಾಶದಲ್ಲಿ ಇರುವುದು 75 ನಿಮಿಷ. ಮೇಲೇರುವಾಗ ಮೊದಲ 10-12 ನಿಮಿಷ ಸಿಬ್ಬಂದಿ ಎದ್ದು ಓಡಾಡುವ ಹಾಗಿಲ್ಲ. ಇಳಿಯುವ ಮುಂಚಿನ 25 ನಿಮಿಷವೂ ಹೆಚ್ಚುಕಡಿಮೆ ಕೈತಪ್ಪಿದ ಹಾಗೇ. ನಡುವೆ ಉಳಿಯುವುದು 40 ನಿಮಿಷವೂ ಇಲ್ಲ. ಖಾಲಿ ಟ್ರೇ ವಾಪಸ್ ತೆಗೆದುಕೊಳ್ಳುವುದಕ್ಕೆ ಹತ್ತು ನಿಮಿಷ ಬಿಟ್ಟರೆ ಸುಮಾರು 30.

30 ಸಾಲು, ಸಾಲಿಗೆ 6 ಸೀಟು, ಒಟ್ಟು 180 ಜನ ಕೂರುವ ಏರ್‌ಬಸ್ ಎ320 ತೆಗೆದುಕೊಳ್ಳಿ. ಪ್ರತಿ 50 ಸೀಟಿಗೆ ಕನಿಷ್ಠ ಒಬ್ಬ ಸಿಬ್ಬಂದಿ ಅನ್ನುವುದು ಹಲವು ದೇಶಗಳ ನಿಯಮ. ಅಲ್ಲಿಗೆ ನಾಲ್ಕು ಜನ, ಎರಡು ಟ್ರಾಲಿ. ಒಂದು ಟ್ರಾಲಿಗೆ 90 ಪ್ರಯಾಣಿಕರು. 30 ನಿಮಿಷವನ್ನು 90 ಜನಕ್ಕೆ ಹಂಚಿದರೆ ಒಬ್ಬರಿಗೆ ಸಿಗುವುದು 20 ಸೆಕೆಂಡ್. ಏನು ಬೇಕು ಅಂತ ಕೇಳುವುದು, ತಟ್ಟೆ ತೆಗೆಯುವುದು, ನೀರು ಕೊಡುವುದು, ಟೀ ಬಗ್ಗಿಸುವುದು ಎಲ್ಲಾ ಅದರಲ್ಲೇ ಆಗಬೇಕು. ಹಾಗಾಗಿ ಅವರು ಓವನ್‌ನಿಂದ ತಟ್ಟೆಗಳನ್ನು ಬೇಗ ಎಳೆದುಬಿಡುತ್ತಾರೆ. ಹೊರಗಿನ ಅಂಚು ಒಣಗಿರುತ್ತದೆ, ನಡುವೆ ಇನ್ನೂ ತಣ್ಣಗೆ ಇರುತ್ತದೆ. ನಿಮಗೆ ಬಂದಿದ್ದು ಅಂಥದ್ದೇ ಒಂದು ತಟ್ಟೆ ಅಂತ ನನ್ನ ಅನಿಸಿಕೆ. ಅದಕ್ಕೆ ಬಡಿಸಿದ ಹುಡುಗಿಯ ಮೇಲೆ ರೇಗಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಇನ್ನು ರುಚಿ. ಇಲ್ಲಿ ನಾಲಿಗೆಯದ್ದೂ ಪಾಲಿದೆ. ಹಾರುವಾಗ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಇರುತ್ತದೆ. ಗಾಳಿಯ ತೇವ ಎಷ್ಟೋ ಸಲ ನೂರಕ್ಕೆ 20ಕ್ಕಿಂತ ಕೆಳಗೆ ಇಳಿಯುತ್ತದೆ. ಮೂಗು ಒಣಗಿದರೆ ವಾಸನೆ ಗೊತ್ತಾಗುವುದಿಲ್ಲ, ವಾಸನೆ ಇಲ್ಲದೆ ರುಚಿ ಎಲ್ಲಿಂದ ಬರಬೇಕು? ನೆಗಡಿ ಆದಾಗ ಊಟ ಸಪ್ಪೆ ಅನ್ನಿಸುತ್ತದಲ್ಲ, ಹಾಗೇ. 2010ರಲ್ಲಿ ಜರ್ಮನಿಯಲ್ಲಿ ಲುಫ್ತಾನ್ಸಾ ಕಂಪನಿಗಾಗಿ ಫ್ರೌನ್‌ಹೋಫರ್ ಸಂಸ್ಥೆಯವರು ನೆಲದ ಮೇಲೇ ವಿಮಾನದ ಒಂದು ಭಾಗ ಇಟ್ಟು, ಒತ್ತಡ ಇಳಿಸಿ ಜನರಿಗೆ ಊಟ ಕೊಟ್ಟು ನೋಡಿದರು. ಉಪ್ಪು ಮತ್ತು ಸಿಹಿ ಎರಡೂ ಮಂಕಾಗಿದ್ದವು. ಟೊಮ್ಯಾಟೊ ರಸ ಮಾತ್ರ ಮಾಮೂಲಿ ಒತ್ತಡಕ್ಕಿಂತ ಆ ಕಡಿಮೆ ಒತ್ತಡದಲ್ಲೇ ಚೆನ್ನಾಗಿ ಅನ್ನಿಸಿತ್ತು. 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಶಬ್ದದ ಬಗ್ಗೆ ನೋಡಿದರು. ವಿಮಾನದೊಳಗಿನಂಥ 85 ಡೆಸಿಬಲ್ ಗದ್ದಲದಲ್ಲಿ ಸಿಹಿ ಕುಗ್ಗುತ್ತದೆ, ಟೊಮ್ಯಾಟೊ, ಅಣಬೆಗಳಲ್ಲಿ ಇರುವ ಉಮಾಮಿ ರುಚಿ ಎದ್ದು ಕಾಣುತ್ತದೆ.

ಟೀ ಕೂಡ ಇಲ್ಲಿ ಸೋಲುತ್ತದೆ. 8,000 ಅಡಿಯ ಒತ್ತಡದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಕಾಯಿಸಿದರೂ ಅದಕ್ಕಿಂತ ಬಿಸಿ ಆಗದು, ಟೀ ಪುಡಿ ಪೂರ್ತಿ ಬಿಡುವುದಿಲ್ಲ.

ಇದೆಲ್ಲಾ ಗೊತ್ತಿದ್ದೂ ಒಂದು ಗಂಟೆಯ ಹಾರಾಟಕ್ಕೆ ಬಿಸಿ ಅನ್ನದ ತಟ್ಟೆ ಹಾಕುತ್ತಾರೆ. ನನಗೆ ಬೇಜಾರಾಗುವುದು ಇದಕ್ಕೇ. ಎರಡು ಗಂಟೆಗಿಂತ ಕಡಿಮೆ ಇರುವ ಹಾರಾಟದಲ್ಲಿ ಬಿಸಿ ಊಟ ಕೊಡಲೇಬಾರದು ಅಂತ ನನ್ನ ಅಭಿಪ್ರಾಯ. ತಣ್ಣಗೆ ತಿನ್ನುವುದಕ್ಕೆ ಅಂತಲೇ ಮಾಡಿದ ಒಂದು ಒಳ್ಳೆ ತಿಂಡಿ, ಒಂದು ಹಣ್ಣು, ಕುಡಿಯೋಕೆ ಸಾಕಷ್ಟು ನೀರು ಕೊಟ್ಟರೆ ಸಾಕು. 'ಬಿಸಿ ಊಟ' ಅಂತ ಜಾಹೀರಾತಿನಲ್ಲಿ ಹಾಕಿಕೊಳ್ಳುವುದಕ್ಕೆ ಚೆನ್ನಾಗಿರುತ್ತದೆ, ಬಾಯಿಗಲ್ಲ.

ತಣ್ಣನೆಯದು ಅಂದರೆ ಕಳಪೆ ಅಂತ ಅಲ್ಲವೇ ಅಲ್ಲ. 1958ರಲ್ಲಿ ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಎಕಾನಮಿ ಕ್ಲಾಸ್ ಶುರುವಾದಾಗ ವಿಮಾನ ಕಂಪನಿಗಳ ಸಂಘ ಐಎಟಿಎ ಒಂದು ನಿಯಮ ಮಾಡಿತ್ತು. ಈ ಸೀಟಿನವರಿಗೆ ಸಾದಾ, ತಣ್ಣನೆಯ ಸ್ಯಾಂಡ್‌ವಿಚ್ ಮಾತ್ರ. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ಸ್ಯಾಂಡ್‌ವಿಚ್ಚನ್ನೇ ಕೊಟ್ಟಿತು. ಆದರೆ ಒಂದೇ ಬ್ರೆಡ್ಡಿನ ಮೇಲೆ ಬಗೆಬಗೆಯದನ್ನು ಪೇರಿಸಿ ಎಂಥಾ ಸೊಗಸಾದ ತಟ್ಟೆ ಮಾಡಿತ್ತು ಅಂದರೆ, ಇದು ಸ್ಯಾಂಡ್‌ವಿಚ್ಚೇ ಅಲ್ಲ ಅಂತ ಅಮೆರಿಕದ ಪ್ಯಾನ್ ಆಮ್ ದೂರು ಕೊಟ್ಟಿತು. ಕೊನೆಗೆ ಎಸ್‌ಎಎಸ್ ದಂಡ ಕಟ್ಟಬೇಕಾಯಿತು. ಓವನ್ ಮುಟ್ಟದೆ, ಎಕಾನಮಿಯಲ್ಲೇ, ಎದುರಾಳಿ ಹೊಟ್ಟೆ ಉರಿದುಕೊಳ್ಳುವಂಥ ಊಟ ಕೊಡಬಹುದು ಅಂತ ಆಯಿತಲ್ವಾ?

ಆಮೇಲೆ ಕಾಲ ಬದಲಾಯಿತು. ಅಮೆರಿಕದಲ್ಲಿ ದೇಶದೊಳಗಿನ ಟಿಕೆಟ್ ದರವನ್ನು ಸರ್ಕಾರವೇ ನಿಗದಿ ಮಾಡುತ್ತಿತ್ತು. ದರದಲ್ಲಿ ಪೈಪೋಟಿ ಮಾಡುವ ಹಾಗಿಲ್ಲ, ಹಾಗಾಗಿ ಊಟದಲ್ಲಿ ಮಾಡುತ್ತಿದ್ದರು. 1978ರಲ್ಲಿ ಕಾನೂನು ತಂದು ಆ ಕಟ್ಟು ಬಿಚ್ಚಿದ ಮೇಲೆ ಜನ ಕಡಿಮೆ ದರದ ಟಿಕೆಟ್ ಹುಡುಕತೊಡಗಿದರು, ತಟ್ಟೆ ಚಿಕ್ಕದಾಗುತ್ತಾ ಬಂತು. ಬೇರೆ ದೇಶಗಳಲ್ಲೂ ಹಿಂದೆ ಮುಂದೆ ಇದೇ ದಾರಿ. ಇದನ್ನು ನಾನು ತಪ್ಪು ಅನ್ನುವುದಿಲ್ಲ. ವಿಮಾನವನ್ನೇ ಹತ್ತದವರು ಹತ್ತುವ ಹಾಗಾಯಿತು. ಆದರೆ ಊಟ ಕೊಡುತ್ತೇವೆ ಅಂತ ಹೇಳಿದ ಮೇಲೆ ತಿನ್ನುವ ಹಾಗೆ ಕೊಡಬೇಕು.

ಗುಣಮಟ್ಟ ಅಂದರೆ ರುಚಿ ಒಂದೇ ಅಲ್ಲ ಅಂತ ನನಗೆ ಗೊತ್ತಾಗಿದ್ದು ಕಿಚನ್ ಬಿಟ್ಟ ಮೇಲೆ, ಪ್ರಯಾಣಿಕನಾಗಿ ಹೋದಾಗ. 27ನೇ ಸಾಲು. ಪಕ್ಕದಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ಯಜಮಾನರು. ಟ್ರೇಯಲ್ಲಿ ಫಾಯಿಲ್ ಮುಚ್ಚಳದ ಪುಟ್ಟ ನೀರಿನ ಕಪ್ ಇತ್ತು. ಅದನ್ನು ನೆಲದ ಮೇಲೆ ಸೀಲ್ ಮಾಡಿರುತ್ತಾರೆ. ಮೇಲೆ ಹೋದಾಗ ಹೊರಗಿನ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ, ಮುಚ್ಚಳ ಪೂರಿಯ ಹಾಗೆ ಉಬ್ಬುತ್ತದೆ. ಅವರು ನಡುಗುವ ಬೆರಳಲ್ಲಿ ಅಂಚು ಹಿಡಿದು ಎಳೆದರು, ಬರಲಿಲ್ಲ. ಮತ್ತೆ ಜೋರಾಗಿ ಎಳೆದಾಗ ನೀರು ಪಿಚಕ್ಕನೆ ಎದೆಗೆ ಹಾರಿತು. ಅವರು ಏನೂ ಅನ್ನದೆ ಟಿಶ್ಯೂ ತೆಗೆದುಕೊಂಡು ಅಂಗಿ ಒತ್ತಿಕೊಂಡರು. ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ತಟ್ಟೆಯ ಫಾಯಿಲ್ಲನ್ನೂ ಮುಟ್ಟಲಿಲ್ಲ. ನಾನು ಬಿಡಿಸಿಕೊಟ್ಟ ಮೇಲೇ ಎರಡು ತುತ್ತು ತಿಂದರು.

ಅಂಥದ್ದೇ ಕಪ್ಪನ್ನು ನಾನು ವರ್ಷಗಟ್ಟಲೆ ಟ್ರೇಗೆ ಇಟ್ಟಿದ್ದೇನೆ. ಮುಚ್ಚಳದ ಮೂಲೆಯಲ್ಲಿ ಹಿಡಿಯುವುದಕ್ಕೆ ಒಂದು ಅಗಲವಾದ ಕಿವಿ ಇದ್ದರೆ, ಇಲ್ಲಾ ಪುಟ್ಟ ಬಾಟಲ್ ಕೊಟ್ಟರೆ ಮುಗಿಯಿತು. ಪರಿಚಾರಕಿಗೆ ಇರುವ 20 ಸೆಕೆಂಡಿನಲ್ಲಿ ಯಾರ ಕಪ್ಪನ್ನೂ ಬಿಚ್ಚಿಕೊಡುವುದಕ್ಕೆ ಆಗುವುದಿಲ್ಲ ಅನ್ನುವುದು ಟ್ರೇ ಜೋಡಿಸುವ ಮುಂಚೆಯೇ ಗೊತ್ತಿರುವ ವಿಷಯ.

ಹಿಂದಿನ ಸಾಲಿನವರಿಗೆ ಆಯ್ಕೆ ಮುಗಿದುಹೋಗುವುದಂತೂ ಸರಿಯೇ ಅಲ್ಲ. ಎರಡು ಬಗೆಯ ಊಟ ಇದ್ದರೆ ಯಾವುದು ಎಷ್ಟು ಅಂತ ಹಿಂದಿನ ಲೆಕ್ಕ ನೋಡಿ ಅಂದಾಜು ಮಾಡುತ್ತಾರೆ. ಟ್ರಾಲಿ ಮುಂದಿನಿಂದ ಹೊರಟರೆ ಅಂದಾಜು ತಪ್ಪಿದ್ದರ ಪೆಟ್ಟು ಪ್ರತಿ ಸಲವೂ ಹಿಂದಿನವರಿಗೇ. ಮಾಂಸ ತಿನ್ನದವರಿಗೆ ಬರೀ ಮಾಂಸದ ತಟ್ಟೆ ಉಳಿದಿರುತ್ತದೆ, ಅವರು ಉಪವಾಸ. ಒಂದು ಸಲ ಮುಂದಿನಿಂದ, ಇನ್ನೊಂದು ಸಲ ಹಿಂದಿನಿಂದ ಶುರು ಮಾಡಬಹುದು. ಚಿಕ್ಕ ಹಾರಾಟಕ್ಕೆ ಎಲ್ಲರೂ ತಿನ್ನುವಂಥ ಒಂದೇ ತಿಂಡಿ ಮಾಡುವುದು ಇನ್ನೂ ವಾಸಿ.

ನೀವು ಏನು ಮಾಡಬಹುದು? ಟಿಕೆಟ್ ಜೊತೆ ಊಟ ಇದ್ದರೆ ವಿಶೇಷ ಊಟ ಮೊದಲೇ ಹೇಳಿಬಿಡಿ. ಸಾಮಾನ್ಯವಾಗಿ 24 ಗಂಟೆ ಮುಂಚೆ ಹೇಳಬೇಕು. ಅದರ ಮೇಲೆ ನಿಮ್ಮ ಸೀಟ್ ನಂಬರ್ ಇರುತ್ತದೆ, ಹೆಚ್ಚಿನ ಕಡೆ ಟ್ರಾಲಿ ಬರುವ ಮುಂಚೆಯೇ ತಂದುಕೊಡುತ್ತಾರೆ. ಹಾಗಾಗಿ 30ನೇ ಸಾಲಿನಲ್ಲಿ ಕೂತರೂ ಮುಗಿದುಹೋಗುವ ಭಯ ಇಲ್ಲ. ಆಯ್ಕೆ ಕೊಟ್ಟರೆ ಗ್ರೇವಿ ಜಾಸ್ತಿ ಇರುವುದನ್ನು, ಅದರಲ್ಲೂ ಟೊಮ್ಯಾಟೊ ಹಾಕಿದ್ದನ್ನು ತೆಗೆದುಕೊಳ್ಳಿ. ಒಣ ಪದಾರ್ಥ ಬೇಡ. ನಡುವೆ ತಣ್ಣಗಿದ್ದರೆ ತಿನ್ನಬೇಡಿ, ಆಗಲೇ ಹೇಳಿ ಬದಲಾಯಿಸಿಕೊಳ್ಳಿ. ಅದರಲ್ಲಿ ಸಂಕೋಚ ಬೇಡ, ಅದು ಹೊಟ್ಟೆಯ ವಿಷಯ.

ಇಳಿದ ಮೇಲೆ ಬರೆದು ಕಳಿಸಿ. 'ಊಟ ಚೆನ್ನಾಗಿರಲಿಲ್ಲ' ಅಂತ ಅಷ್ಟೇ ಬರೆದರೆ ಅದು ಎಲ್ಲೋ ಕಳೆದುಹೋಗುತ್ತದೆ. ವಿಮಾನದ ನಂಬರ್, ತಾರೀಖು, ಸಾಲು, ಯಾವ ಪದಾರ್ಥ, ಏನಾಗಿತ್ತು ಅಂತ ಬರೆಯಿರಿ. ಅಂಥ ದೂರು ಕಿಚನ್ ತನಕ ಬರುತ್ತದೆ. ಒಮ್ಮೆ ಒಂದೇ ವಾರದಲ್ಲಿ ಮೂರು ಜನ ಒಂದೇ ತಟ್ಟೆಯ ಬಗ್ಗೆ ಬರೆದಿದ್ದರು, ಅನ್ನ ಗಂಟಲಲ್ಲಿ ಇಳಿಯಲಿಲ್ಲ ಅಂತ. ಅದನ್ನು ಪ್ರಿಂಟ್ ಹಾಕಿ ತಟ್ಟೆ ತುಂಬಿಸುವ ಜಾಗದ ಗೋಡೆಗೆ ಅಂಟಿಸಿದ್ದರು. ಮುಂದಿನ ತಿಂಗಳ ಮೆನುವಿನಲ್ಲಿ ಅನ್ನ 100 ಗ್ರಾಂಗೆ ಇಳಿಯಿತು, ಗ್ರೇವಿ 80 ಗ್ರಾಂಗೆ ಏರಿತು.