ಹೊಗಳಿಕೆ ಇದೆ, ಬಡ್ತಿ ಇಲ್ಲ

ಪ್ರಶ್ನೆ: ಔಷಧ ತಯಾರಿಕಾ ಸಂಸ್ಥೆಯೊಂದರ ಗುಣಮಟ್ಟ ನಿಯಂತ್ರಣ ಪ್ರಯೋಗಾಲಯದಲ್ಲಿ 9 ವರ್ಷಗಳಿಂದ ಎಚ್‌ಪಿಎಲ್‌ಸಿ (ಔಷಧದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ವಿಶ್ಲೇಷಕಿಯಾಗಿದ್ದೇನೆ. ನನ್ನಿಂದ ಕೆಲಸ ಕಲಿತ ಇಬ್ಬರು ಈಗ ಮೇಲ್ವಿಚಾರಕರಾಗಿದ್ದಾರೆ. ಸಂಸ್ಥೆಯು ಮಹಿಳಾ ಉದ್ಯೋಗಿಗಳಿಗೆಂದು ಆರಂಭಿಸಿದ ಮಾರ್ಗದರ್ಶನ ಯೋಜನೆಯಲ್ಲಿ ನನಗೊಬ್ಬ ಹಿರಿಯ ಅಧಿಕಾರಿ ಸಿಕ್ಕಿದ್ದಾರೆ. ಆದರೆ ಪ್ರತಿ ಭೇಟಿಯಲ್ಲೂ ಆತ್ಮವಿಶ್ವಾಸ ಬೆಳೆಸಿಕೊಳ್ಳಿ ಎನ್ನುತ್ತಾರೆಯೇ ಹೊರತು ಮುಂದೇನೂ ಆಗುತ್ತಿಲ್ಲ. ಡಾಕ್ಟರೇಟ್ ಇಲ್ಲದಿರುವುದೇ ನನಗೆ ಅಡ್ಡಿಯೇ? (ಹೆಸರು ಬೇಡ)

ಉತ್ತರ: ಡಾಕ್ಟರೇಟ್ ಸಂಶೋಧನಾ ವಿಭಾಗದ ಕೆಲವು ಹುದ್ದೆಗಳಿಗೆ ಬೇಕಾಗಬಹುದು, ಪ್ರಯೋಗಾಲಯದ ಮೇಲ್ವಿಚಾರಣೆಗೆ ಅದು ಅಡ್ಡಿಯಾಗಬೇಕಿಲ್ಲ. ಅಮೆರಿಕದ ಔಷಧ ವಿಜ್ಞಾನಿ ಗರ್ಟ್ರೂಡ್ ಎಲಿಯನ್ 1944ರಲ್ಲಿ ಬರೋಸ್ ವೆಲ್‌ಕಮ್ ಕಂಪನಿಯಲ್ಲಿ ಜಾರ್ಜ್ ಹಿಚಿಂಗ್ಸ್ ಅವರ ಸಹಾಯಕಿಯಾಗಿ ಸೇರಿದರು. ಸಂಜೆಯ ತರಗತಿಗಳಲ್ಲಿ ಡಾಕ್ಟರೇಟ್‌ಗೆ ಓದುತ್ತಿದ್ದ ಅವರಿಗೆ, ಪೂರ್ಣಾವಧಿ ವಿದ್ಯಾರ್ಥಿನಿಯಾಗದೆ ಮುಂದುವರಿಯಲಾಗದು ಎಂದಾಗ ಓದನ್ನು ಬಿಟ್ಟು ಕೆಲಸವನ್ನೇ ಉಳಿಸಿಕೊಂಡರು. ಹಿಚಿಂಗ್ಸ್ ಎಲಿಯನ್ ಅವರನ್ನು ರಸಾಯನಶಾಸ್ತ್ರಕ್ಕೆ ಮಾತ್ರ ಕಟ್ಟಿಹಾಕದೆ, ಅವರು ತಯಾರಿಸಿದ ಸಂಯುಕ್ತಗಳ ಬೆನ್ನುಹತ್ತಿ ಜೀವರಸಾಯನ, ಔಷಧಶಾಸ್ತ್ರ, ವೈರಾಣುಶಾಸ್ತ್ರಗಳವರೆಗೂ ಹೋಗಲು ಬಿಟ್ಟರು. ಎಲಿಯನ್ 1967ರಲ್ಲಿ ವಿಭಾಗದ ಮುಖ್ಯಸ್ಥೆಯಾದರು. 1988ರಲ್ಲಿ ಇಬ್ಬರೂ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಹಿಚಿಂಗ್ಸ್ ಕೊಟ್ಟದ್ದು ಬುದ್ಧಿವಾದವನ್ನಲ್ಲ, ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ ಹೋದ ಕೆಲಸವನ್ನು.

ಆತ್ಮವಿಶ್ವಾಸದ ಉಪದೇಶಕ್ಕೆ ಕೊಡುವವರ ಕಿಸೆಯಿಂದ ಏನೂ ಖರ್ಚಾಗುವುದಿಲ್ಲ. ಹಾಗಾಗಿ ಮುಂದಿನ ಭೇಟಿಯಲ್ಲಿ ಸಲಹೆಯ ಬದಲು ಕೆಲಸವನ್ನು ಕೇಳಿರಿ: ಮಿತಿ ಮೀರಿದ ಫಲಿತಾಂಶ ಬಂದಾಗ ಅದರ ತನಿಖೆಯನ್ನು ಮೊದಲಿನಿಂದ ಕೊನೆಯವರೆಗೆ ನಡೆಸುವುದು, ಹೊಸ ಪರೀಕ್ಷಾ ವಿಧಾನವನ್ನು ಬೇರೊಂದು ಪ್ರಯೋಗಾಲಯಕ್ಕೆ ವರ್ಗಾಯಿಸುವುದು, ಆಡಿಟ್ ಬಂದಾಗ ನಿಮ್ಮ ದತ್ತಾಂಶದ ಬಗೆಗಿನ ಪ್ರಶ್ನೆಗಳಿಗೆ ನೀವೇ ಉತ್ತರಿಸುವುದು. ದಿನನಿತ್ಯದ ಬ್ಯಾಚ್ ಪರೀಕ್ಷೆ ಎಷ್ಟೇ ನಿರ್ದುಷ್ಟವಾಗಿದ್ದರೂ ಕಡತದಲ್ಲಿ ಒಂದು ಸಹಿಯಾಗಿ ಉಳಿಯುತ್ತದೆ. ತನಿಖಾ ವರದಿಯಾದರೆ ನಿಮ್ಮ ವಿಚಾರಕ್ರಮವನ್ನೂ ತೋರಿಸುತ್ತದೆ.

ಇನ್ನೊಂದು ತೊಡಕನ್ನೂ ಹೇಳಬೇಕು. ನೀವು ಅತಿ ನಂಬಿಕಸ್ಥರು. ನಿಮ್ಮನ್ನು ಎಬ್ಬಿಸಿದರೆ ಬ್ಯಾಚ್‌ಗಳ ಬಿಡುಗಡೆ ತಡವಾದೀತೆಂಬ ಭಯದಿಂದಲೇ ನಿಮ್ಮ ಮೇಲಧಿಕಾರಿ ನಿಮ್ಮನ್ನು ಉಪಕರಣದ ಮುಂದೆ ಕೂರಿಸಿರಬಹುದು. ನಿಮ್ಮ ಜಾಗ ತುಂಬಬಲ್ಲವರನ್ನು ತಯಾರು ಮಾಡಿ, ಆ ವಿಷಯವನ್ನು ವಾರ್ಷಿಕ ಮೌಲ್ಯಮಾಪನದಲ್ಲಿ ಬರೆಹದಲ್ಲಿಯೇ ದಾಖಲಿಸಿರಿ. ಬಡ್ತಿಯ ಸಭೆಯಲ್ಲಿ ನನ್ನ ಹೆಸರನ್ನು ಎತ್ತುವಿರಾ ಎಂದು ಮಾರ್ಗದರ್ಶಕರನ್ನು ನೇರವಾಗಿ ಕೇಳುವುದರಲ್ಲಿ ತಪ್ಪೇನಿಲ್ಲ. ಆ ಸಭೆಯಲ್ಲಿ ಅವರಿಗೆ ಸ್ಥಾನವೇ ಇಲ್ಲದಿದ್ದರೆ, ಇರುವವರ ಪರಿಚಯ ಮಾಡಿಸಲು ಕೋರಿರಿ.

ಪ್ರಶ್ನೆ: ಹೆರಿಗೆ ರಜೆ ಮುಗಿಸಿ ಬಂದ ನನ್ನನ್ನು ಸೂತ್ರೀಕರಣ (ಔಷಧವನ್ನು ಮಾತ್ರೆ, ಸಿರಪ್ ಮೊದಲಾದ ರೂಪಕ್ಕೆ ತರುವ) ಸಂಶೋಧನೆಯಿಂದ ರೆಗ್ಯುಲೇಟರಿ (ಔಷಧಕ್ಕೆ ಸರ್ಕಾರದ ಒಪ್ಪಿಗೆ ಪಡೆಯುವ) ವಿಭಾಗಕ್ಕೆ ಕಳುಹಿಸುವ ಮಾತು ನಡೆದಿದೆ. ಇದು ಹಿನ್ನಡೆಯಲ್ಲವೇ?

ಉತ್ತರ: ಆ ವಿಭಾಗವನ್ನು ಬರಿಯ ಕಾಗದಪತ್ರದ ಕೆಲಸವೆಂದುಕೊಳ್ಳಬೇಡಿರಿ. ಕಡತದ ಆಚೆಬದಿಯಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಲ್ಲಿ, 1960ರಲ್ಲಿ ಆಗತಾನೇ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಅವರು ಗರ್ಭದಲ್ಲಿನ ಶಿಶುಗಳಿಗೆ ಅಂಗವೈಕಲ್ಯ ತರುತ್ತದೆಂದು ಮುಂದೆ ತಿಳಿದುಬಂದ ಥಾಲಿಡೊಮೈಡ್ ಮಾತ್ರೆಯ ಅರ್ಜಿಯಲ್ಲಿ ಸುರಕ್ಷತೆಯ ಪುರಾವೆ ಸಾಲದೆಂದು ಮತ್ತೆ ಮತ್ತೆ ಮಾಹಿತಿ ಕೇಳಿ ಒಪ್ಪಿಗೆಯನ್ನು ತಡೆದರು. ಅಂಥ ಪ್ರಶ್ನೆಗಳನ್ನು ಮುಂಚಿತವಾಗಿ ಊಹಿಸಿ ಉತ್ತರ ಸಿದ್ಧಪಡಿಸುವವರಿಗೆ ಸೂತ್ರೀಕರಣದ ಒಳಗುಟ್ಟು ತಿಳಿದಿರಲೇಬೇಕು. ಆದರೂ ಈ ಬದಲಾವಣೆ ನಿಮ್ಮ ಆಯ್ಕೆಯಾಗಿರಬೇಕು. ಪದನಾಮ ಮತ್ತು ವೇತನ ಹಾಗೆಯೇ ಉಳಿಯುವುದೇ, ಪ್ರಾಧಿಕಾರದೊಡನೆ ನಡೆಯುವ ಸಭೆಗಳಲ್ಲಿ ನೀವು ಇರುವಿರೇ ಎಂಬೆರಡಕ್ಕೆ ಲಿಖಿತ ಉತ್ತರ ಬಂದ ಮೇಲೆ ಒಪ್ಪಿಕೊಳ್ಳಿರಿ.