ಓದುಗರ ಪ್ರಶ್ನೆ, ನಮ್ಮ ಉತ್ತರ: ಐದು ಜನರ ಚಂದಾ, ಒಂದೇ ಲೈಸೆನ್ಸ್

ಪ್ರಶ್ನೆ: ನಾವು ಐದು ಜನ, ಇಂಜಿನಿಯರಿಂಗ್ ಐದನೇ ಸೆಮ್, ಒಂದೇ ಹಾಸ್ಟೆಲ್. ಸಿಸಿಎನ್‌ಎ, ಅಂದ್ರೆ ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಎಕ್ಸಾಮ್ ಬರೀಬೇಕು ಅಂತಿದೀವಿ. ತಲಾ ನಾಲ್ಕು ಸಾವಿರ ಹಾಕಿ, ರೂಟರ್ ಸ್ವಿಚ್‌ಗಳನ್ನ ಕಂಪ್ಯೂಟರಲ್ಲೇ ಓಡಿಸೋ ಸಾಫ್ಟ್‌ವೇರ್ ಸಿಸ್ಕೋ ಮಾಡೆಲಿಂಗ್ ಲ್ಯಾಬ್ಸ್‌ನ ಪರ್ಸನಲ್ ಲೈಸೆನ್ಸ್ ಒಂದು ತಗೊಂಡು ಎಲ್ರೂ ಯೂಸ್ ಮಾಡ್ಬಹುದಾ?
– ಹಾಸ್ಟೆಲ್ ಹುಡುಗ್ರು, ದಾವಣಗೆರೆ

ಉತ್ತರ: ಬೇಡ ರೀ, ಆ ದುಡ್ಡು ಹಂಗೇ ಇಟ್ಕೊಳಿ. ಆ ಲೈಸೆನ್ಸ್ ಹೆಸರಲ್ಲೇ ಪರ್ಸನಲ್ ಅಂತಿದೆ, ಒಬ್ರ ಅಕೌಂಟಿಗೆ ಕೊಡೋದು, ವರ್ಷಕ್ಕೆ 199 ಡಾಲರ್, ಅದರಲ್ಲಿ 20 ನೋಡ್ ಅಷ್ಟೇ, ಅಂದ್ರೆ ರೂಟರ್ರು ಸ್ವಿಚ್ಚು ಎಲ್ಲಾ ಸೇರಿ ಒಂದ್ಸಲಕ್ಕೆ ಇಪ್ಪತ್ತು ಓಡಿಸ್ಬಹುದು, ಐದು ಜನ ಹಂಚ್ಕೊಂಡ್ರೆ ತಲೆಗೆ ನಾಲ್ಕು ಬಂತು, ಅದೂ ನಿಯಮ ಮುರಿದು. ಇನ್ನು ಅಕೌಂಟ್ ಯಾರ ಹೆಸರಲ್ಲಿ, ಪಾಸ್‌ವರ್ಡ್ ಯಾರ ಹತ್ರ, ಅವನು ಇಂಟರ್ನ್‌ಶಿಪ್ಪಿಗೆ ಹೋದ್ರೆ ಉಳಿದವರ ಗತಿ ಏನು, ಈ ಜಗಳ ಬೇರೆ.

ಸಿಸಿಎನ್‌ಎ ಮಟ್ಟಕ್ಕೆ ಸಿಸ್ಕೋನದೇ ಅಭ್ಯಾಸದ ಪ್ರೋಗ್ರಾಮು ಪ್ಯಾಕೆಟ್ ಟ್ರೇಸರ್ ಸಾಕು. ಸಿಸ್ಕೋನ ಕಲಿಕೆ ಸೈಟ್ ನೆಟ್‌ಅಕಾಡ್‌ನಲ್ಲಿ ಅಕೌಂಟ್ ಮಾಡ್ಕೊಂಡ್ರೆ ಫ್ರೀ. ವಿಲ್ಯಾನ್, ಓಎಸ್‌ಪಿಎಫ್, ನ್ಯಾಟ್, ಆಕ್ಸೆಸ್ ಲಿಸ್ಟ್ ಥರದ ಎಕ್ಸಾಮಿನ ಪಾಠಗಳೆಲ್ಲಾ ಅದರಲ್ಲೇ ಕಲೀಬಹುದು. ಅದು ನಿಜವಾದ ರೂಟರ್ ಸಾಫ್ಟ್‌ವೇರ್ ಅಲ್ಲ, ರೂಟರ್ ಥರ ನಟಿಸೋ ಪ್ರೋಗ್ರಾಮು, ಹಂಗಾಗಿ ಕೆಲವು ಕಮಾಂಡ್ ಕೊಟ್ರೆ ತಿಳಿಯಲ್ಲ ಅನ್ನುತ್ತೆ, ಎಕ್ಸಾಮಿಗೆ ಅದರಿಂದ ಏನೂ ತೊಂದ್ರೆ ಇಲ್ಲ. ನಿಜವಾದ ಸಿಸ್ಕೋ ಇಮೇಜೇ, ಅಂದ್ರೆ ರೂಟರ್ ಒಳಗಿನ ಅಸಲಿ ಸಾಫ್ಟ್‌ವೇರ್ ಫೈಲೇ ಓಡಿಸಿ ನೋಡ್ಬೇಕು ಅಂತ ಆಸೆ ಇದ್ರೆ ಮಾಡೆಲಿಂಗ್ ಲ್ಯಾಬ್ಸ್‌ನದೇ ಫ್ರೀ ಆವೃತ್ತಿ ಬಂದಿದೆ, ಐದು ನೋಡ್ ಕೊಡುತ್ತೆ, ಒಬ್ಬೊಬ್ರೂ ಅವರವರ ಹೆಸರಲ್ಲಿ ತಗೊಳಿ.

ಚಂದಾ ಎತ್ತಲೇಬೇಕು ಅಂದ್ರೆ ಹಂಚ್ಕೊಳ್ಳೋಕೆ ಆಗೋ ವಸ್ತುಗೆ ಎತ್ತಿ. ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡಲ್ಲಿ ಒಂದು ಸುತ್ತು ಹಾಕಿ, ಆಫೀಸುಗಳು ಬಿಸಾಕಿರೋ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಸಿಗ್ತವೆ, ರ್‍ಯಾಮ್ ಜಾಸ್ತಿ ಇರೋದು ನೋಡಿ ತಗೊಳಿ, ಪ್ರೊಸೆಸರ್ ಹಳೇದಾದ್ರೂ ನಡೆಯುತ್ತೆ, ರ್‍ಯಾಮ್ ಕಮ್ಮಿ ಆದ್ರೆ ನಡೆಯಲ್ಲ. ಅದಕ್ಕೆ ಲಿನಕ್ಸ್ ಹಾಕಿ ಜಿಎನ್‌ಎಸ್3 (ಕಂಪ್ಯೂಟರ್ ಒಳಗೇ ನೆಟ್‌ವರ್ಕ್ ಕಟ್ಟಿ ಓಡಿಸೋ ಪ್ರೋಗ್ರಾಮು) ಸರ್ವರ್ ಇನ್‌ಸ್ಟಾಲ್ ಮಾಡಿ ರೂಮಿನ ಮೂಲೇಲಿಟ್ರೆ ಐದೂ ಜನ ತಂತಮ್ಮ ಲ್ಯಾಪ್‌ಟಾಪಿಂದ ಅದಕ್ಕೆ ಕನೆಕ್ಟ್ ಆಗ್ಬಹುದು. ಜೊತೆಗೊಂದು ಹಳೇ ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ನಾವೇ ಬದಲಾಯಿಸ್ಬಹುದಾದ್ದು) ಸಿಕ್ರೆ ಬಿಡ್ಬೇಡಿ. ಕೇಬಲ್ ಕಿತ್ತಾಗ ಪೋರ್ಟ್ ಲೈಟ್ ಹೆಂಗೆ ಆರುತ್ತೆ, ಮತ್ತೆ ಚುಚ್ಚಿದ ಮೇಲೆ ಕಿತ್ತಳೆ ಬಣ್ಣದಿಂದ ಹಸಿರಾಗೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕಣ್ಣಾರೆ ನೋಡಿದವ್ರಿಗೆ ಸ್ಪ್ಯಾನಿಂಗ್ ಟ್ರೀ, ಅಂದ್ರೆ ಸ್ವಿಚ್‌ಗಳ ಮಧ್ಯೆ ಡೇಟಾ ಸುಮ್ನೆ ಸುತ್ತದ ಹಾಗೆ ತಡೆಯೋ ನಿಯಮ ಉರು ಹೊಡೆಯೋ ಕಷ್ಟ ಇರಲ್ಲ. ಫ್ಯಾನ್ ಸದ್ದು ಮಾತ್ರ ಜೋರು, ನಿದ್ದೆ ಕಡೆ ನೋಡ್ಕೊಳಿ.

ಪ್ರಶ್ನೆ: ಅವರ ಕಾಲದಲ್ಲಿ ಇಂಟರ್ನೆಟ್ ಕನೆಕ್ಷನ್‌ಗೆ ಬೇರೆ ದುಡ್ಡು, ಪಿಸಿ ಅದಕ್ಕೆ ಸೇರೋಕೆ ಬೇಕಾದ ಸಾಫ್ಟ್‌ವೇರಿಗೆ ಬೇರೆ ದುಡ್ಡು ಅಂತಾರೆ ನಮ್ಮ ದೊಡ್ಡಪ್ಪ. ರೀಲು ಬಿಡ್ತಿದಾರಾ?
– ಒಬ್ಬ ಓದುಗ, ಹಾಸನ

ಉತ್ತರ: ಇಲ್ಲ, ನಿಜಾನೇ ಹೇಳ್ತಿದಾರೆ. ವಿಂಡೋಸ್ 3.1 ಜೊತೆ ಟಿಸಿಪಿ/ಐಪಿ ಬರ್ತಾನೇ ಇರ್ಲಿಲ್ಲ. ಕಂಪ್ಯೂಟರ್ರು, ಮೋಡೆಮ್ಮು, ಫೋನ್ ಲೈನು ಎಲ್ಲಾ ಇದ್ರೂ ಇಂಟರ್ನೆಟ್ ಭಾಷೆ ಮಾತಾಡೋ ಸಾಫ್ಟ್‌ವೇರ್ ಹೊರಗಿಂದ ತರ್ಬೇಕಿತ್ತು. ಅಮೆರಿಕದ ಎಫ್‌ಟಿಪಿ ಸಾಫ್ಟ್‌ವೇರ್ ಅನ್ನೋ ಕಂಪನಿ ಇದನ್ನೇ ಪಿಸಿ/ಟಿಸಿಪಿ ಅನ್ನೋ ಹೆಸರಲ್ಲಿ ಮಾರ್ತಿತ್ತು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಪೀಟರ್ ಟ್ಯಾಟಮ್ ಅನ್ನೋರು ಟ್ರಂಪೆಟ್ ವಿನ್‌ಸಾಕ್ ಅನ್ನೋ ಇಂಥದೇ ಸಾಫ್ಟ್‌ವೇರ್ ಬರೆದು ಶೇರ್‌ವೇರ್ ಅಂತ ಬಿಟ್ರು, ಮೊದ್ಲು ಬಳಸಿ ನೋಡಿ, ಇಷ್ಟ ಆದ್ರೆ 25 ಡಾಲರ್ ಕಳಿಸಿ ಅಂತ. ದುನಿಯಾದವ್ರೆಲ್ಲ ಬಳಸಿದ್ರು, ದುಡ್ಡು ಕಳಿಸಿದವ್ರು ಸ್ವಲ್ಪ ಜನ. ಬೇರೆಯವ್ರು ಅವರನ್ನ ಕೇಳದೇ ಅದನ್ನ ಡಿಸ್ಕ್‌ನಲ್ಲಿ ಹಾಕಿ ಹಂಚಿದ್ರು. ಆಮೇಲೆ ವಿಂಡೋಸ್ 95 ಒಳಗೇ ಟಿಸಿಪಿ/ಐಪಿ ಬಂತು, ಅಲ್ಲಿಗೆ ಆ ವ್ಯಾಪಾರ ಮುಗೀತು. 2011ರಲ್ಲಿ ಹಳೇ ಬಳಕೆದಾರರು ಕೆಲವ್ರು ಸೇರ್ಕೊಂಡು, ಅವತ್ತು ಕೊಡದೇ ಇದ್ದದ್ದು ಇವತ್ತು ಕೊಡೋಣ ಅಂತ ಟ್ಯಾಟಮ್ ಅವ್ರಿಗೆ ದುಡ್ಡು ಕಳಿಸೋ ಅಭಿಯಾನ ಮಾಡಿದ್ರು, ಇಷ್ಟು ತಡವಾಗಿ ಎತ್ತಿದ ಚಂದಾ ನಾನಂತೂ ಬೇರೆ ಕೇಳಿಲ್ಲ.

ನಮ್ಮ ದೇಶದಲ್ಲಿ ಆಗ ಸರ್ಕಾರದ್ದಾಗಿದ್ದ ವಿಎಸ್‌ಎನ್‌ಎಲ್ ಕಂಪನಿ 1995ರ ಆಗಸ್ಟ್ 15ಕ್ಕೆ ಸಾರ್ವಜನಿಕರಿಗೆ ಇಂಟರ್ನೆಟ್ ಶುರು ಮಾಡ್ತು. ಸ್ಟೂಡೆಂಟ್‌ಗಳಿಗೆ ಅಂತ ಕಮ್ಮಿ ರೇಟಿನ ಶೆಲ್ ಅಕೌಂಟ್ ಇತ್ತು, ಅದರಲ್ಲಿ ಬರೀ ಅಕ್ಷರ, ಚಿತ್ರ ಇಲ್ಲ. ಚಿತ್ರ ಬೇಕು ಅಂದ್ರೆ ಟಿಸಿಪಿ/ಐಪಿ ಅಕೌಂಟ್, ಅದಕ್ಕೆ ರೇಟು ಎಷ್ಟೋ ಪಟ್ಟು ಜಾಸ್ತಿ. 25 ಡಾಲರ್ ಅಂದ್ರೆ ಆಗ ಎಂಟುನೂರು ರೂಪಾಯಿ ಮೇಲೆ, ನಾಲ್ಕು ಜನ ಹಾಕಿದ್ರೆ ಒಟ್ಟಾಗ್ತಿತ್ತೇನೋ, ಆದ್ರೆ ಅದನ್ನ ಡಾಲರ್ ಮಾಡಿ ಹೊರದೇಶಕ್ಕೆ ಕಳಿಸೋದೇ ಸ್ಟೂಡೆಂಟ್‌ಗಳಿಗೆ ದೊಡ್ಡ ತಲೆನೋವು. ನಿಮ್ಮ ದೊಡ್ಡಪ್ಪ ಯಾವ ದಾರಿ ಹಿಡಿದ್ರು ಅಂತ ಮಾತ್ರ ಕೇಳ್ಬೇಡಿ.

ಪ್ರಶ್ನೆ: ಜಿಎನ್‌ಎಸ್3ಗೆ ಹಾಕೋಕೆ ಸಿಸ್ಕೋ ಐಒಎಸ್ (ಸಿಸ್ಕೋ ರೂಟರ್ ಸಾಫ್ಟ್‌ವೇರ್) ಇಮೇಜ್‌ಗಳನ್ನ ಟೆಲಿಗ್ರಾಮ್ ಗ್ರೂಪಲ್ಲಿ 300 ರೂಪಾಯಿಗೆ ಕೊಡ್ತಾರೆ. ಕ್ಲಾಸಿನವ್ರೆಲ್ಲ ಸೇರಿ ತಗೊಳ್ಳೋಣಾ?
– ಹೆಸರು ಬೇಡ, ತುಮಕೂರು

ಉತ್ತರ: ಆ ಇಮೇಜ್ ಮಾರೋಕೆ ಅವ್ರಿಗೆ ಹಕ್ಕಿಲ್ಲ, ತಗೊಳ್ಳೋಕೆ ನಿಮಗೂ ಇಲ್ಲ, ಅದರೊಳಗೆ ಇನ್ನೇನು ಸೇರಿಸಿದಾರೋ ಯಾರಿಗೆ ಗೊತ್ತು. ಜಿಎನ್‌ಎಸ್3 ಒಳಗೆ ಎಫ್‌ಆರ್‌ರೂಟಿಂಗ್ ಅನ್ನೋ ರೂಟರ್ ಸಾಫ್ಟ್‌ವೇರ್ ಹಾಕಿ, ಓಪನ್ ಸೋರ್ಸು, ಕಮಾಂಡುಗಳು ಸಿಸ್ಕೋಗೆ ತುಂಬಾ ಹತ್ರ, ದಾರಿ ಹುಡುಕೋ ಪ್ರೋಟೋಕಾಲ್‌ಗಳಾದ ಓಎಸ್‌ಪಿಎಫ್, ಬಿಜಿಪಿ ಎರಡೂ ಇದೆ. ಮೈಕ್ರೋಟಿಕ್ ಕಂಪನಿಯವ್ರ ವರ್ಚುವಲ್ ರೂಟರ್ ಸಿಎಚ್‌ಆರ್ ಕೂಡ ಫ್ರೀಯಾಗಿ ಸಿಗುತ್ತೆ, ಸ್ಪೀಡು 1 ಎಂಬಿಪಿಎಸ್‌ಗೆ ಕಟ್ಟಿಹಾಕಿರ್ತಾರೆ, ಪಿಂಗ್ ಮಾಡಿ ಕಲಿಯೋಕೆ ಅಷ್ಟು ಸಾಕು.